ಹಕ್ಕಿ ಏಳುವ ತನಕ ನಿಂತವರು

ವರ್ಜೀನಿಯಾದ ಆಲ್ಡಿಯಿಂದ ಸುದ್ದಿ ಬಂದದ್ದು ವಾಟ್ಸಾಪಿನಲ್ಲಿ. ಮಧ್ಯಾಹ್ನ ಊಟ ಮಾಡಿ ಮಲಗಿದ ಅಮ್ಮ ಏಳಲಿಲ್ಲ ಎಂದು ಆಂಟಿಯ ಮಗಳು ಬರೆದಿದ್ದಳು. ಅದರ ಕೆಳಗೆ ಜಾರ್ಜಿಯಾದ ನಮ್ಮ ಜಾನ್ಸ್ ಕ್ರೀಕಿನ ಕನ್ನಡದವರೆಲ್ಲ ಕೈಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿ, 'ನಿದ್ದೆಯಲ್ಲೇ ಹೋದರು, ಪುಣ್ಯವಂತರು' ಎಂದರು. ನಮ್ಮಜ್ಜಿಯೂ ಇಂಥ ಸಾವನ್ನು ಕೇಳಿದಾಗ, ಯಾರಿಗುಂಟು ಯಾರಿಗಿಲ್ಲ ಎನ್ನುತ್ತಿದ್ದಳು. ನಾನೂ ಅದನ್ನೇ ಬರೆಯಹೊರಟವಳು ಬೆರಳು ನಿಲ್ಲಿಸಿದೆ. ಅವರನ್ನು ಹತ್ತಿರದಿಂದ ಕಂಡವರಿಗೆ ಗೊತ್ತು, ಈ ಭೂಮಿಯ ಮೇಲೆ ಅವರು ಹೆದರುತ್ತಿದ್ದುದು ನಿದ್ದೆಯೊಂದಕ್ಕೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯ ಮಕ್ಕಳು ಅವರನ್ನು ಸ್ಲೀಪ್ ಆಂಟಿ ಎನ್ನುತ್ತಿದ್ದರು, ಅಷ್ಟು ಸಾಕು. ಧಾರವಾಡದವರು. ಅರಿವಳಿಕೆಯ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಯನ್ನು ನಿದ್ದೆಗೆ ಕಳಿಸಿ, ಎಲ್ಲ ಮುಗಿದ ಮೇಲೆ ವಾಪಸು ಕರೆದುಕೊಂಡು ಬರುವ ಕೆಲಸ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಒಬ್ಬಳೇ ಮಗಳು ವರ್ಜೀನಿಯಾದಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಪಕ್ಕದ ಮನೆಯೆಂದರೂ ಮೊದಲು ನಾನು ಅವರನ್ನು ಕಂಡದ್ದು ಬೇಲಿಯಾಚೆ ಅಲ್ಲ, ಆಪರೇಷನ್ ಟೇಬಲ್ಲಿನ ಮೇಲಿಂದ.

ನನ್ನ ಪಿತ್ತಕೋಶ ತೆಗೆಯುವ ದಿನ ಅದು. ಆ ತಣ್ಣನೆಯ ಕೋಣೆಯಲ್ಲಿ ಮಲಗಿ ಬಾಯೊಳಗೇ ರಾಯರನ್ನು ಕರೆಯುತ್ತಿದ್ದೆ. ಮಾಸ್ಕು ಹಾಕಿದ ಮುಖವೊಂದು ಮೇಲಿನಿಂದ ಬಾಗಿ ನನ್ನ ಮಣಿಕಟ್ಟಿನ ಪಟ್ಟಿ ಓದಿತು. ಆಮೇಲೆ ಕನ್ನಡದಲ್ಲಿ ಕೇಳಿತು:

"ಹೆದರಿಕಿ ಆಗೇದೇನ್ರಿ?"

"ಹೌದು" ಎಂದೆ. ಕಣ್ಣಲ್ಲಿ ನೀರೇ ಬಂದಿತ್ತು.

"ಆಗಬೇಕು. ಹೆದರಿಕಿ ಇಲ್ಲದವರನ್ನ ಕಂಡ್ರ ನನಗ ಹೆದರಿಕಿ. ನಾ ಎಲ್ಲೂ ಹೋಗಂಗಿಲ್ಲ. ನೀವು ಎದ್ದು ಹೆಸರ ಹೇಳೋತನಕ ಇಲ್ಲೇ ನಿಂತಿರ್ತೀನಿ."

ಎಚ್ಚರವಾದಾಗ ಅದೇ ಕಣ್ಣುಗಳು ಅಲ್ಲೇ ಇದ್ದವು. "ಹೆಸರ ಹೇಳ್ರಿ." ನಾನು "ಪುಟ್ಟಿ" ಎಂದೆನಂತೆ. "ಅದು ಮನೀ ಹೆಸರು. ಪೇಪರಿನ್ಯಾಗ ಇದ್ದದ್ದು ಹೇಳ್ರಿ, ಆಮ್ಯಾಲೆ ನಾ ಚಾ ಕುಡಿಯಾಕ ಹೋಗತೀನಿ." ಹೇಳಿದ ಮೇಲೆಯೇ ಹೋದರು. ಅಂದಿನಿಂದ ನಾನು ಅವರಿಗೆ ತಂಗಿಯಾದೆ, ಅವರು ನನಗೆ ಆಂಟಿಯಾದರು. ಸಂಬಂಧದ ಲೆಕ್ಕ ಕೂಡಿಬರುವುದಿಲ್ಲ, ನಿಜ. ಇಲ್ಲಿ ಯಾರದೂ ಕೂಡಿಬರುವುದಿಲ್ಲ.

"ಮಲಗಿಸೋದು ಯಾರ ಬೇಕಾದ್ರೂ ಮಾಡ್ತಾರ ತಂಗಿ, ಎಬ್ಬಿಸೋದಕ್ಕ ನಮಗ ಪಗಾರ" ಎಂಬುದು ಅವರ ಮಾತು. ಆ ಪಗಾರದ ಕೆಲಸವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರುವುದು ಅವರಿಗೆ ಗೊತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ತೊಟ್ಟಿಲಿನ ಕಡೆ ನಡೆದು, ಮಲಗಿದ ಮಗುವಿನ ಮೂಗಿನ ಬಳಿ ಅಂಗೈಯ ಹಿಂಬದಿ ಹಿಡಿದು ನಿಲ್ಲುತ್ತಿದ್ದರು. ಒಂದು ಯುಗಾದಿಗೆ ನಮ್ಮಲ್ಲಿ ಒಬ್ಬಟ್ಟಿನ ಊಟವಾಗಿ ನಮ್ಮೆಜಮಾನರು ಸೋಫಾದಲ್ಲಿ ಒರಗಿದ್ದರು. ಕಣ್ಣು ಬಿಟ್ಟರೆ ಮೂಗಿನ ಕೆಳಗೆ ಆಂಟಿಯ ಕೈ.

"ಆಂಟಿ, ನಾನಿನ್ನೂ ಇದ್ದೀನಿ."

"ಇರ್ರಿ, ಇರ್ರಿ. ನಿಮ್ಮ ಗೊರಕಿ ನಡುವ ನಿಂತಿತ್ತು. ಸ್ಲೀಪ್ ಟೆಸ್ಟ್ ಮಾಡಿಸ್ರಿ."

ಬಂದವರೆಲ್ಲ ನಕ್ಕರು, ಅವರು ಮಾತ್ರ ನಗಲಿಲ್ಲ. ಅವರು ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದ್ದನ್ನು ಮಗಳೂ ಸರಿಯಾಗಿ ನೋಡಿರಲಿಲ್ಲವಂತೆ. ಟಿವಿಯ ಮುಂದಿನ ಕುರ್ಚಿಯಲ್ಲಿ ಕೂತೇ ತೂಕಡಿಸುವುದು, ಬೆಚ್ಚಿ ಏಳುವುದು, ನೀರು ಕುಡಿದು ಮತ್ತೆ ಕೂರುವುದು. 'ಅಡ್ಡಾಗ್ರಿ ಆಂಟಿ ಸ್ವಲ್ಪ' ಎಂದು ಅವರಿಂದಲೇ ಕಲಿತ ಮಾತಿನಲ್ಲಿ ನಾನು ಹೇಳಿದರೆ, 'ಆಮ್ಯಾಲೆ' ಎನ್ನುತ್ತಿದ್ದರು.

ಆಮೇಲೆ ಕೋವಿಡ್ ಬಂತು.

ಆ ದಿನಗಳಲ್ಲಿ ಉಸಿರು ಸಿಕ್ಕದವರ ಗಂಟಲಿಗೆ ಕೊಳವೆ ಇಳಿಸಲು ಅವರನ್ನೇ ಕರೆಯುತ್ತಿದ್ದರು. ಇಳಿಸುವ ಮುಂಚೆ ನಿದ್ದೆ ಬರಿಸಬೇಕು. ಹಾಗೆ ಮಲಗಿದವರಲ್ಲಿ ಬಹಳ ಜನ ಮತ್ತೆ ಹೆಸರು ಹೇಳಲಿಲ್ಲ. ಬೇಸಿಗೆ ಕಳೆಯುವ ಹೊತ್ತಿಗೆ ಆಂಟಿ ಅರ್ಧ ಆಗಿದ್ದರು. ಶರತ್ಕಾಲದಲ್ಲಿ ರಜೆ ಹಾಕಿ ಮನೆಯಲ್ಲಿ ಕೂತರು. ಬೇಲಿಯ ಆಚೆ ಅವರು, ಈಚೆ ನಾನು, ಇಬ್ಬರ ಮುಖಕ್ಕೂ ಮಾಸ್ಕು. ಒಂದು ದಿನ ಎರಡೂ ಕೈಗಳನ್ನು ಮುಂದೆ ಚಾಚಿ ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತ ಹೇಳಿದರು: "ಅದು ರೋಗ ಮಾಡಿದ್ದು ಅಂತ ನನಗ ಗೊತ್ತದ ತಂಗಿ. ಈ ಕೈಗೆ ಗೊತ್ತಿಲ್ಲ."

ಆ ನವೆಂಬರಿನಲ್ಲಿ ಹಕ್ಕಿ ಬಂತು.

ಹಮ್ಮಿಂಗ್‌ಬರ್ಡುಗಳು ನಮ್ಮ ಜಾರ್ಜಿಯಾಕ್ಕೆ ಹೊಸದಲ್ಲ. ಕೆಂಪು ಕೊರಳಿನ ಪುಟ್ಟ ಹಕ್ಕಿಗಳು ಬೇಸಿಗೆಯೆಲ್ಲ ಹಿತ್ತಿಲಲ್ಲಿ ಝುಂಯ್ ಎಂದು ಸುತ್ತಿ, ದಸರೆಯ ಹೊತ್ತಿಗೆ ಸಮುದ್ರ ದಾಟಿ ದಕ್ಷಿಣಕ್ಕೆ ಹೊರಟುಬಿಡುತ್ತವೆ. ಅವಕ್ಕೆ ಸಿಹಿನೀರು ತುಂಬಿ ತೂಗುಹಾಕುವ ಫೀಡರನ್ನು ತೊಳೆದು ಒಳಗಿಡುವ ಕಾಲ ಅದು. ಆ ವರ್ಷ ಆಂಟಿಗೆ ಫೀಡರಿನ ನೆನಪೇ ಇರಲಿಲ್ಲ. ಎಲೆಗಳೆಲ್ಲ ಉದುರಿದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಖಾಲಿ ಫೀಡರಿನ ಮುಂದೆ ಹಕ್ಕಿಯೊಂದು ಗಾಳಿಯಲ್ಲಿ ನಿಂತಿದೆ. ಕೊರಳು ಪಚ್ಚೆ ಹಸಿರು, ಹೊಟ್ಟೆ ಕಾಯಿಸಿದ ತುಪ್ಪದ ಬಣ್ಣ, ಬಾಲ ಇಟ್ಟಿಗೆ ಕೆಂಪು. ಕೊಕ್ಕು ಕುಂಕುಮದಲ್ಲಿ ಅದ್ದಿ ತೆಗೆದ ಹಾಗೆ, ತುದಿಗೆ ಮಾತ್ರ ಕಾಡಿಗೆ.

"ತಂಗಿ, ನಮ್ಮ ಮನಿಗೆ ಯಾರೋ ಬೀಗರು ಬಂದಾರ ನೋಡು ಬಾ" ಎಂದು ಫೋನಿಸಿದರು. ತಿಂಗಳುಗಳ ನಂತರ ಆ ದನಿಯಲ್ಲಿ ಸ್ವಲ್ಪ ಉಪ್ಪು ಹುಳಿ ಇತ್ತು.

ಮನೆಗೆ ಯಾರೇ ಬರಲಿ, ಧಾರವಾಡದ ಕಡೆ ಮೊದಲು ಬೆಲ್ಲ, ನೀರು. ನಾನು ಬೇಲಿ ದಾಟಿ ಹೋದಾಗಲೆಲ್ಲ ನನಗೂ ಅದೇ ಸಿಗುತ್ತಿತ್ತು. ಬಿಳಿ ಸಕ್ಕರೆಯನ್ನು ಅವರು ಮನೆಯೊಳಗೇ ಸೇರಿಸುತ್ತಿರಲಿಲ್ಲ, ಅದು ವಿಷ ಎಂಬ ಖಚಿತ ನಂಬಿಕೆ ಅವರದು. ಬೇಸಿಗೆಯ ಹಕ್ಕಿಗಳಿಗೆ ಅಂಗಡಿಯ ಸಿದ್ಧ ನೀರನ್ನೇ ಸುರಿಯುತ್ತಿದ್ದವರು, ಥಂಡಿಯಲ್ಲಿ ಒಬ್ಬರೇ ಬಂದ ಈ ಅತಿಥಿಗೆ ಅದನ್ನು ಕೊಡಲು ಮನಸ್ಸು ಬಾರದೆ, ಇಂಡಿಯನ್ ಸ್ಟೋರಿನ ಉಂಡೆ ಬೆಲ್ಲ ಕರಗಿಸಿ, ಮೂರು ಸಲ ಬಟ್ಟೆಯಲ್ಲಿ ಸೋಸಿ, ಒಂದು ಏಲಕ್ಕಿ ಜಜ್ಜಿ ಹಾಕಿ ಫೀಡರ್ ತುಂಬಿದರು. ಹಕ್ಕಿ ಕುಡಿಯಿತು. ಹಸಿದವರು ಏನು ಕೊಟ್ಟರೂ ಕುಡಿಯುತ್ತಾರೆ.

ನಮ್ಮೆಜಮಾನರು ಅದರ ಫೋಟೋ ತೆಗೆದು ಎಲ್ಲಿಯೋ ಇಂಟರ್ನೆಟ್ಟಿನಲ್ಲಿ ಹಾಕಿದ್ದರಿಂದ ಉಂಗುರದಮ್ಮ ಬಂದಳು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಲು ಸರ್ಕಾರದಿಂದ ಪರವಾನಗಿ ಇರುವ ಅಮೆರಿಕನ್ ಮುದುಕಿ. ನಮ್ಮ ಮನೆಯಲ್ಲಿ ಅವಳಿಗೆ ಅದೇ ಹೆಸರು ಉಳಿಯಿತು. ಅವಳು ಬೇಲಿಗೊರಗಿ ಹೇಳಿದ್ದನ್ನು ಕೇಳಿ ನಾನು ಬೆಪ್ಪಾದೆ. ಇದು ನಮ್ಮೂರ ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿಯ ನೆಂಟ ಇರಬೇಕು ಎಂದುಕೊಂಡಿದ್ದೆ. ನೆಂಟಸ್ತಿಕೆಯೇ ಇಲ್ಲವಂತೆ, ಇದು ಸ್ವಿಫ್ಟ್ ಎಂಬ ಬಾನಾಡಿಗಳ ಕಡೆಯದಂತೆ. ಮೆಕ್ಸಿಕೋದ ಬಿಸಿ ಕರಾವಳಿಯ ಹಕ್ಕಿ, ಟೆಕ್ಸಾಸಿನ ಕೆಳತುದಿಯವರೆಗೆ ಅದರ ಸೀಮೆ. ಜೇಡರ ಬಲೆಯ ನೂಲಿನಿಂದ ಬಿಗಿದು, ಹೊರಗೆ ಕಲ್ಲುಹೂವು ಅಂಟಿಸಿ, ಹರಳೆಣ್ಣೆ ಬಟ್ಟಲಿನಷ್ಟು ಗೂಡು ಕಟ್ಟುತ್ತದಂತೆ. ಬರೀ ಸಿಹಿ ಕುಡಿದು ಬದುಕುವುದಿಲ್ಲ, ಸೊಳ್ಳೆ ನುಸಿಗಳನ್ನೂ ಹಿಡಿದು ತಿನ್ನುತ್ತದೆ. ಚಳಿಗಾಲಕ್ಕೆ ಎಲ್ಲ ಹಕ್ಕಿಗಳೂ ದಕ್ಷಿಣಕ್ಕೆ ಹೋದರೆ ಈ ಕುಲದಲ್ಲಿ ಕೆಲವು ಮಾತ್ರ ಉತ್ತರಕ್ಕೆ, ಕರಾವಳಿ ಹಿಡಿದು ಪೂರ್ವಕ್ಕೆ ಬರುತ್ತವೆ. ಅದರಲ್ಲೂ ಇಷ್ಟು ದೂರ ಬರುವುದು ಅಪರೂಪ.

"ಯಾಕ?" ಎಂದು ಆಂಟಿ ಕೇಳಿದರೆ, ಯಾರಿಗೂ ಸರಿಯಾಗಿ ತಿಳಿಯದು ಎಂದಳು.

ಫೀಡರಿನ ಸುತ್ತ ಒಂದು ಪಂಜರವಿಟ್ಟು, ಹಗ್ಗ ಎಳೆದು ಹಿಡಿದಳು. ಕಾಲುಚೀಲದ ತೆಳು ತುಂಡಿನಲ್ಲಿ ಸುತ್ತಿ ತೂಗಿದಳು. ಒಂದು ಟೀ ಚಮಚ ಸಕ್ಕರೆಯಷ್ಟು ಭಾರ. ಕಣ್ಣಿಗೆ ಕಾಣದಂಥ, ನಂಬರು ಕೊರೆದ ಉಂಗುರವನ್ನು ಕಾಲಿಗೆ ತೊಡಿಸಿ, ಇನ್ನು ಇದೇ ಇದರ ಹೆಸರು ಎಂದಳು. ಆಮೇಲೆ ಫೀಡರನ್ನು ಬೆಳಕಿಗೆ ಹಿಡಿದು ನೋಡಿ, ಇದೇನು ಚಹಾದ ಬಣ್ಣ, ಎಂದು ಕೇಳಿದಳು.

ಆಂಟಿ ಸಂಭ್ರಮದಿಂದ ಹೇಳಿದರು. ಏಲಕ್ಕಿಯನ್ನೂ ಬಿಡಲಿಲ್ಲ.

ಉಂಗುರದಮ್ಮನ ಮುಖ ಇಳಿದದ್ದನ್ನು ನಾನು ನೋಡಿದೆ. ಬೈಯಲಿಲ್ಲ. ಬಿಳಿ ಸಕ್ಕರೆ ಒಂದು ಪಾಲು, ನೀರು ನಾಲ್ಕು ಪಾಲು, ಬೇರೆ ಏನೂ ಬೇಡ ಎಂದಳು. ಬೆಲ್ಲದಲ್ಲಿ ಕಬ್ಬಿಣದ ಅಂಶ ಇರುತ್ತದೆ. ನಮಗೆ ಅದು ರಕ್ತ, ಈ ಹಕ್ಕಿಗಳಿಗೆ ಹೊರಹಾಕಲು ಬಾರದು. ಒಳಗೇ ಸೇರಿಕೊಂಡು ಕೆಡಿಸಬಹುದು.

ಆಂಟಿ ತಕ್ಷಣ ಡಾಕ್ಟರಾದರು. ಎಷ್ಟು ಒಳಗೆ ಹೋದರೆ ಅಪಾಯ? ಎಷ್ಟು ಕಾಲಕ್ಕೆ ತಿಳಿಯುತ್ತದೆ? ಮೊದಲ ಲಕ್ಷಣ ಏನು? ಮುದುಕಿ ತಲೆಯಾಡಿಸಿದಳು. ಏನೂ ಆಗದೆಯೂ ಇರಬಹುದು, ತಡವಾಗಿ ಆಗಲೂಬಹುದು. ಇವು ಒಮ್ಮೆ ಕಂಡ ಜಾಗವನ್ನು ಮರೆಯುವುದಿಲ್ಲ, ಬರುವ ಚಳಿಗಾಲಕ್ಕೆ ಇದೇ ಅಂಗಳಕ್ಕೆ ತಿರುಗಿ ಬಂದರೆ ಏನೂ ಆಗಿಲ್ಲ ಎಂದು ತಿಳಿಯಿರಿ, ಎಂದಳು.

ಅವಳ ಕಾರು ಹೋದ ಮೇಲೆ ಆಂಟಿ ಫೀಡರನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿದರು. ಬೆಲ್ಲದ ನೀರು ಹೋಗಿ, ಬಿಸಿ ನೀರೂ ಹೋಗಿ, ತಣ್ಣೀರು ಬರತೊಡಗಿದರೂ ಉಜ್ಜುತ್ತಲೇ ಇದ್ದರು. "ನಾ ಕೊಟ್ಟಿದ್ದು" ಎಂದಷ್ಟೇ ಅಂದರು. ಆ ಮನೆಗೆ ಮೊದಲ ಸಲ ಬಿಳಿ ಸಕ್ಕರೆ ಬಂದದ್ದು ನಮ್ಮ ಡಬ್ಬಿಯಿಂದ.

ಅಲ್ಲಿಂದ ಬೆಳಗುಗಳು ಶುರುವಾದವು.

ಹಮ್ಮಿಂಗ್‌ಬರ್ಡು ಮಲಗುವ ರೀತಿ ನಮ್ಮ ನಿಮ್ಮ ಹಾಗಲ್ಲ. ಹಗಲು ಅದರ ಗುಂಡಿಗೆ ಹೊಲಿಗೆ ಯಂತ್ರದ ಸೂಜಿಯ ಹಾಗೆ ಓಡುತ್ತದೆ. ಚಳಿಯ ರಾತ್ರಿ ಹಾಗೆಯೇ ಓಡಿದರೆ ಬೆಳಗಾಗುವುದರೊಳಗೆ ಉರಿದು ಬೂದಿ. ಆದ್ದರಿಂದ ಒಲೆ ಆರಿಸಿದ ಹಾಗೆ ಮೈಯನ್ನೇ ಆರಿಸಿಬಿಡುತ್ತದೆ. ಮೈ ತಣ್ಣಗಾಗುತ್ತದೆ, ಉಸಿರು ಕಣ್ಣಿಗೆ ಕಾಣುವುದಿಲ್ಲ. ಕೊಕ್ಕು ಮೇಲೆತ್ತಿ, ಗರಿ ಉಬ್ಬಿಸಿ, ಕೊಂಬೆಗೆ ಕಾಲು ಬಿಗಿದ ಒಂದು ಒಣ ಕಾಯಿ. ಮುಟ್ಟಿದರೂ ಗೊತ್ತಾಗುವುದಿಲ್ಲವಂತೆ. ಬೆಳಕು ಬಂದ ಮೇಲೆ ನಡುಗಲು ತೊಡಗಿ, ನಡುಗಿ ನಡುಗಿ ಮೈ ಕಾಯಿಸಿಕೊಂಡು, ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತಿನಲ್ಲಿ ಮತ್ತೆ ಹಕ್ಕಿಯಾಗುತ್ತದೆ.

ಇಷ್ಟನ್ನು ಓದಿ ತಿಳಿದುಕೊಂಡಿದ್ದ ಆಂಟಿಗೆ ಸಮಾಧಾನವಾಗಬೇಕಿತ್ತು. ಆದದ್ದು ತದ್ವಿರುದ್ಧ. ಅವರ ಅಡುಗೆಮನೆಯ ಕಿಟಕಿಗೆ ಎದುರಾಗಿ, ಚಳಿಗೂ ಎಲೆ ಉದುರಿಸದ ಕಮೀಲಿಯಾ ಗಿಡವಿತ್ತು. ಹಕ್ಕಿ ಅದರೊಳಗೇ ಮಲಗುತ್ತಿತ್ತು. ಪ್ರತಿ ನಸುಕಿನಲ್ಲೂ ಅವರು ಆ ಕಿಟಕಿಯಲ್ಲಿ. ಕೆಲವು ದಿನದ ಮೇಲೆ ನನಗೂ ಕರೆ ಬಂತು.

"ತಂಗಿ, ಬಾ. ನನಗ ಒಬ್ಬಾಕಿಗೆ ನೋಡಾಕ ಆಗವಲ್ದು."

ಹೋಗಿ ನಿಂತೆ. ಬೂದು ಬೆಳಕಿನಲ್ಲಿ ಆ ಉಂಡೆ ಅಲ್ಲಾಡದೆ ಕೂತಿತ್ತು. ಆಂಟಿಯ ಎರಡೂ ಕೈ ಬೆನ್ನ ಹಿಂದೆ, ಒಂದನ್ನೊಂದು ಹಿಡಿದುಕೊಂಡು.

"ಮಲಗಿದೆ ಅಷ್ಟೇ, ಆಂಟಿ."

"ಹಂಗ ಕಾಣತದ. ಆ ವಾರ್ಡಿನ್ಯಾಗೂ ಎಲ್ಲಾರೂ ಮಲಗಿದ್ಹಂಗ ಕಾಣತಿದ್ರು." ಆಮೇಲೆ ಕಿಟಕಿಯ ಗಾಜಿಗೇ ಹೇಳಿದರು: "ಇದು ನಿದ್ದೀನೋ, ನಾ ಕೊಟ್ಟಿದ್ದೋ?"

ಹಕ್ಕಿ ನಡುಗತೊಡಗಿದ ಮೇಲೆ ಅವರ ಭುಜ ಇಳಿಯುತ್ತಿತ್ತು. ಅದು ಹಾರಿ ಬಂದು ಕುಡಿದ ಮೇಲೆ ನಮಗೆ ಚಹಾ. ನಿಜ ಹೇಳುತ್ತೇನೆ, ಮೊದಮೊದಲು ಅವರನ್ನು ನೋಡಲು ಹೋಗುತ್ತಿದ್ದವಳು ಬರಬರುತ್ತ ನಾನೂ ಹಕ್ಕಿಗೆ ಹೆದರತೊಡಗಿದೆ. ಮನೆಯಲ್ಲಿ ಹಲ್ಲುಜ್ಜುತ್ತಿದ್ದರೂ ಅದೇ ಯೋಚನೆ. ಇವತ್ತು ಎದ್ದಿತೋ ಇಲ್ಲವೋ?

ನಮ್ಮೆಜಮಾನರ ಹೆದರಿಕೆ ಬೇರೆ. "ನೋಡು, ಈ ಹಕ್ಕಿಗಳನ್ನ ಪರ್ಮಿಟ್ ಇಲ್ದೆ ಮುಟ್ಟೋ ಹಾಗಿಲ್ಲ. ಫೆಡರಲ್ ಲಾ. ನಮ್ಮ ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ. ಆಂಟಿ ಸಿಟಿಜನ್, ಅವರಿಗೆ ನಡೆಯತ್ತೆ. ನೀನು ಮಾತ್ರ ಕೈ ಪಾಕೆಟಲ್ಲಿ ಇಟ್ಕೊಂಡಿರು." ವರ್ಷಗಟ್ಟಲೆ ಆ ಸಾಲಿನಲ್ಲಿ ನಿಂತವರಿಗೆ ಸ್ಪೀಡಿಂಗ್ ಟಿಕೆಟ್ಟೂ ಯಮನ ಓಲೆಯೇ. ಹಕ್ಕಿ ಬಿಡುತ್ತದೆಯೇ?

ಜನವರಿ ಕಳೆಯುವ ಹೊತ್ತಿಗೆ ಐಸ್ ಬಿದ್ದಿತು. ಹಿಮವಾದರೆ ಹತ್ತಿಯ ಹಾಗೆ ಬಿದ್ದು ಕರಗುತ್ತದೆ. ಇದು ಮಳೆಯಾಗಿ ಸುರಿದು, ಬಿದ್ದಲ್ಲೇ ಗಾಜಾಗುವುದು. ಪೈನ್ ಮರಗಳ ಕೊಂಬೆಗಳು ಭಾರಕ್ಕೆ ಪಟಾಕಿಯಂತೆ ಸಿಡಿಯುತ್ತಿದ್ದವು. ಕರೆಂಟ್ ಹೋಯಿತು. ಫೀಡರಿನ ಪಕ್ಕ ಆಂಟಿ ಕಟ್ಟಿದ್ದ ಬಿಸಿ ಬಲ್ಬೂ ಆರಿತು. ಬೆಳಿಗ್ಗೆ ಅವರ ಮನೆಯ ಕಡೆ ನೋಡಿದರೆ ಕಿಟಕಿಯಲ್ಲಿ ಯಾರೂ ಇಲ್ಲ. ಆಂಟಿ ಹೊರಗೇ ನಿಂತಿದ್ದರು, ತಲೆಗೆ ಮಂಕಿ ಕ್ಯಾಪು, ಮೈಗೆ ಶಾಲು, ಶಾಲಿನೊಳಗೆ ಹೊಟ್ಟೆಗೊತ್ತಿದ ಏನೋ ಗಂಟು.

ನಾನೂ ನಮ್ಮೆಜಮಾನರೂ ಬೇಲಿ ಹಿಡಿದು ಜಾರುತ್ತ ಹೋದೆವು.

ಹಕ್ಕಿ ಕಮೀಲಿಯಾದ ಕೊಂಬೆಯಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಎರಡು ಕಾಲಿನ ಬಿಗಿ ಒಂದೇ ಆಧಾರ. ಸುತ್ತಲಿನ ಎಲೆಗಳೆಲ್ಲ ಗಾಜು. ಅದು ಏಳುವ ಹೊತ್ತು ಎಂದೋ ಮೀರಿತ್ತು.

"ಸತ್ತದೇನು?" ಎಂದು ನಾನು ಕೇಳಲಿಲ್ಲ. ಬೇರೆ ಕೇಳಿದೆ:

"ಒಳಗೆ ತಗೊಂಡು ಹೋಗಿ ಬೆಚ್ಚಗೆ ಮಾಡೋಣವಾ ಆಂಟಿ?"

"ಬ್ಯಾಡ. ಆ ಉಂಗುರದಾಕಿ ಹೇಳ್ಯಾಳ, ಜಬರದಸ್ತಿಯಿಂದ ಎಬ್ಬಿಸಬಾರದು. ಏಳಾಕ ಇದ್ದ ಶಕ್ತಿ ಎಲ್ಲಾ ಖರ್ಚಾಗತದ. ಎದ್ದ ಕೂಡಲೆ ಬಾಯಿಗೆ ಸಿಗಲಿಲ್ಲಂದ್ರ ಮುಗೀತು." ಅದಕ್ಕೇ ಶಾಲಿನೊಳಗೆ ಫೀಡರು. ಹೆಪ್ಪುಗಟ್ಟಿದ್ದ ಸಕ್ಕರೆ ನೀರನ್ನು ಮೈಗೆ ಅವಚಿಕೊಂಡು ಕರಗಿಸಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ, ತುಟಿ ನೀಲಿಯಾಗಿತ್ತು. ಇಡೀ ಜೀವಮಾನ ಒಂದಲ್ಲ ಒಂದು ಔಷಧ ಹಾಕಿ ಜನರನ್ನು ಎಬ್ಬಿಸಿದವರು, ಕೈಕಟ್ಟಿ ನಿಲ್ಲುವುದನ್ನು ಅಲ್ಲಿ ಕಲಿಯುತ್ತಿದ್ದರು. ಆ ಮುಖದಲ್ಲಿದ್ದ ಭಯವನ್ನು ನಾನು ಇನ್ನಾರಲ್ಲೂ ಕಂಡಿಲ್ಲ, ಕಾಣುವುದೂ ಬೇಡ.

ಪೂರ್ವಕ್ಕೆ ಸ್ವಲ್ಪ ಬಿಸಿಲು ಬಂತು. ಬಾಲದ ಒಂದು ಗರಿ ಅಲುಗಿತೋ, ಗಾಳಿಯೋ. ಮತ್ತೆ ಅಲುಗಿತು. ಆಮೇಲೆ ಮೈಯೆಲ್ಲ ನಡುಗತೊಡಗಿತು. ನಾನು ಉಸಿರು ಬಿಡುವುದರೊಳಗೆ ಒಂದು ಕಾಲು ಸಡಿಲಿತು. ಇನ್ನೊಂದೂ ಸಡಿಲಿ ಹಕ್ಕಿ ಐಸಿನ ಮೇಲೆ ಟಪ್ ಎಂದು ಬಿತ್ತು.

ಆಂಟಿ ಕುಕ್ಕರಿಸಿದರು.

"ಆಂಟಿ, ಮುಟ್ಟಬೇಡಿ, ಅದು ಫೆಡರಲ್..."

"ನಿಮ್ಮ ಫೆಡರಲ್ಲಿಗೆ ಹೇಳ್ರಿ, ನನ್ನ ಪೇಶಂಟ್ ಅದ ಅಂತ."

ನಮ್ಮೆಜಮಾನರು ಹಿಂದೆ ತಿರುಗಿ, "ನಾನೇನೂ ನೋಡಿಲ್ಲ" ಎಂದು ಆಕಾಶಕ್ಕೆ ಹೇಳಿದರು. ಮರದಿಂದ ಐಸಿನ ಚೂರುಗಳು ಉದುರುವುದನ್ನು ಕಂಡು, ಹಾಗೆಯೇ ಬೆನ್ನು ಮಾಡಿಕೊಂಡೇ ಹಿಂದಕ್ಕೆ ಸರಿದು ಬಂದು ತಮ್ಮ ಕೊಡೆಯನ್ನು ಆಂಟಿಯ ತಲೆಯ ಮೇಲೆ ಹಿಡಿದರು.

ಅಂಗೈಯಲ್ಲಿ ಹಕ್ಕಿ ಮಗ್ಗುಲಾಗಿ ಬಿದ್ದಿತ್ತು. ಆಂಟಿ ಫೀಡರಿನ ಕೆಂಪು ಹೂವಿನ ತೂತಿಗೆ ಅದರ ಕೊಕ್ಕನ್ನು ತಾಗಿಸಿದರು. ಏನೂ ಇಲ್ಲ. ಇನ್ನೊಮ್ಮೆ ತಾಗಿಸಿದರು. ಏನೂ ಇಲ್ಲ. ಅವರು ಬಾಗಿ, ನಾನು ವರ್ಷಗಳ ಹಿಂದೆ ಆ ಟೇಬಲ್ಲಿನ ಮೇಲೆ ಕೇಳಿದ್ದ ಅದೇ ದನಿಯಲ್ಲಿ ಕರೆದರು: "ಹೆಸರ ಹೇಳ್ರಿ. ಏಳ್ರಿ, ಹೆಸರ ಹೇಳ್ರಿ."

ಕೊಕ್ಕಿನ ತುದಿಯಿಂದ ದಾರದಂಥ ನಾಲಗೆ ಹೊರಬಂತು.

"ಕೈಯಾಗ ನಡಗತದ ತಂಗಿ" ಎಂದರು. "ಸೆಲ್ ಫೋನ್ ಇಟ್ಟಂಗ ಆಗೇದ."

ಕುಡಿಯಿತು. ನಿಂತು, ಮತ್ತೆ ಕುಡಿಯಿತು. ಆಮೇಲೆ ಅಂಗೈ ಖಾಲಿಯಾಗಿತ್ತು, ಅದು ಹೋದದ್ದನ್ನು ಮೂವರಲ್ಲಿ ಯಾರೂ ನೋಡಲಿಲ್ಲ. ಕಮೀಲಿಯಾದ ಮೇಲುಕೊಂಬೆಯಿಂದ ಚಿಟ್ ಚಿಟ್ ಎಂಬ ಸದ್ದು ಮಾತ್ರ ಬಂತು. ಆಂಟಿಗೆ ಮೇಲೇಳಲು ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. "ಈಗ ನನ್ನ ಎಬ್ಬಿಸ್ರಿ ಇಬ್ಬರೂ" ಎಂದರು. ಎಬ್ಬಿಸಿದೆವು, ನಕ್ಕೆವು. ಮೆಟ್ಟಿಲು ಹತ್ತುವಾಗ ಅವರು ಮಾತ್ರ ನಗು ನಿಲ್ಲಿಸಿ ಕೇಳಿದರು:

"ಥಂಡಿಗೆ ಬಿತ್ತೋ, ನನ್ನ ಬೆಲ್ಲಕ್ಕ ಬಿತ್ತೋ?"

ಮಾರ್ಚಿನ ಒಂದು ಬಿಸಿಲಿಗೆ ಹಕ್ಕಿ ಹೊರಟುಹೋಯಿತು. ಹೇಳಿ ಹೋಗುವ ಜಾತಿಯಲ್ಲ. ಆಂಟಿ ಆಸ್ಪತ್ರೆಗೆ ಮರಳಲಿಲ್ಲ, ನಿವೃತ್ತಿ ಪಡೆದರು. ಕಾರ್ ಪಾರ್ಕಿನಲ್ಲಿ ಮಾಸ್ಕು ಹಾಕಿಕೊಂಡು ಕೇಕ್ ಕತ್ತರಿಸಿದರಂತೆ. ಬೇಸಿಗೆಯಲ್ಲಿ ಮನೆ ಮಾರಿ, ಆಲ್ಡಿಯಲ್ಲಿ ಹೊಸದಾಗಿ ಎದ್ದ ಬಡಾವಣೆಯಲ್ಲಿದ್ದ ಮಗಳ ಮನೆಗೆ ಹೊರಟರು. ಹೊರಡುವ ದಿನ ಫೀಡರನ್ನು ವಿನೆಗರಿನಲ್ಲಿ ತೊಳೆದು, ಒಣಗಿಸಿ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಬಂದ್ರ ಫೋನ್ ಮಾಡು. ಬರಲಿಲ್ಲಂದ್ರ ಮಾಡಬ್ಯಾಡ."

"ಬ್ಯಾರೇದು ಬಂದ್ರೆ?" ಎಂದೆ.

"ಹೆಸರ ಕೇಳಿ ಮಾಡು."

ಸುಮ್ಮನೆ ಕ್ಷೇಮ ಕೇಳಲು ಸಹ ಫೋನ್ ಮಾಡುವ ಹಾಗಿಲ್ಲ ಎಂಬುದು ದಸರೆ ಕಳೆದ ಮೇಲೆ ನನಗೆ ಹೊಳೆಯಿತು. ನನ್ನ ಹೆಸರು ಅಲ್ಲಿ ಪರದೆಯ ಮೇಲೆ ಮೂಡಿದರೆ ಆ ಜೀವಕ್ಕೆ ಏನಾದೀತು? ಅವರೂ ಮಾಡಲಿಲ್ಲ. ಕಮೀಲಿಯಾ ಇದ್ದ ಕಡೆಗೆ ಆದಷ್ಟು ಹತ್ತಿರವಾಗಿ, ನಮ್ಮ ಬೇಲಿಯ ಮೂಲೆಗೆ ಫೀಡರ್ ಕಟ್ಟಿದೆ. ಒಂದು ಪಾಲು ಬಿಳಿ ಸಕ್ಕರೆ, ನಾಲ್ಕು ಪಾಲು ನೀರು. ನವೆಂಬರ್ ಬಂತು. ದೀಪಾವಳಿಯ ದೀಪಗಳು ಆರಿದವು. ಹಕ್ಕಿಯಿಲ್ಲ. ಆಲ್ಡಿಯಲ್ಲಿ ಕುರ್ಚಿಯಲ್ಲಿ ಕೂತು, ಮೊಳಗದ ಫೋನನ್ನು ನೋಡುತ್ತಿರುವ ಅವರು ಕಣ್ಣಿಗೆ ಕಟ್ಟುತ್ತಿದ್ದರು. ಪಾತ್ರೆ ತೊಳೆಯುವಾಗ ಕಿಟಕಿಯ ಕಡೆ ನೋಡಲು ಧೈರ್ಯ ಸಾಲದೆ ತಲೆ ತಗ್ಗಿಸಿಕೊಂಡೇ ತೊಳೆಯುತ್ತಿದ್ದೆ.

ಒಂದು ಬೆಳಿಗ್ಗೆ ತಲೆಯೆತ್ತಿದರೆ ಕುಂಕುಮದ ಕೊಕ್ಕು.

ಕೂಗಿಕೊಂಡೆ. ನಮ್ಮೆಜಮಾನರು ಓಡಿ ಬಂದು, "ಫೋನ್ ಮಾಡು, ಫೋನ್ ಮಾಡು" ಎಂದರು. "ಇರಿ ರೀ. ಹೆಸರು ಗೊತ್ತಾಗಲಿ." ಹಮ್ಮಿಂಗ್‌ಬರ್ಡು ಕಾಲನ್ನು ಹೊಟ್ಟೆಯ ಗರಿಯೊಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಕೂತರೂ ಕಾಣದು, ಹಾರಿದರೂ ಕಾಣದು. ಅದೇ ಕುಲದ ಇನ್ನೊಂದಾಗಿದ್ದರೆ? ಉಂಗುರ ಇಲ್ಲದಿದ್ದರೆ? ಫೀಡರಿನ ಎದುರಿಗೆ ಕ್ಯಾಮೆರಾ ಹಿಡಿದು ನಮ್ಮೆಜಮಾನರು ಆಫೀಸಿನ ಮೀಟಿಂಗುಗಳನ್ನೆಲ್ಲ ಹಿತ್ತಿಲಲ್ಲೇ ಮಾಡಿದರು. ನೋಡಬೇಕು ಎಂದು ನನಗೆ ಎಷ್ಟು ಆಸೆಯಿತ್ತೋ ಅಷ್ಟೇ, ನೋಡದಿದ್ದರೆ ಸಾಕು ಎಂದೂ ಇತ್ತು. ಗೊತ್ತಾಗದಿರುವ ತನಕ ಅದು ಸತ್ತಿಲ್ಲವಲ್ಲ.

ಬಿಸಿಲು ಚೆನ್ನಾಗಿದ್ದ ದಿನ ಅದು ಬೇಲಿಯ ತಂತಿಯ ಮೇಲೆ ಕೂತು ಗರಿ ತಿದ್ದಿಕೊಳ್ಳುತ್ತಿತ್ತು. ತಲೆ ತುರಿಸಿರಬೇಕು. ರೆಕ್ಕೆಯ ಮೇಲಿಂದ ಕಾಲೆತ್ತಿ ಕಿವಿಯ ಹತ್ತಿರ ಪರಪರ ಕೆರೆದುಕೊಂಡಿತು. ಆ ಕಾಲಲ್ಲಿ ಮಿಂಚಿತು. ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆವು, ಬೆಳ್ಳಿಯ ಗೆರೆ. ಉಂಗುರದಮ್ಮನಿಗೆ ಕಳಿಸಿದೆವು. ಈ ಸೀಮೆಯಲ್ಲಿ ಈ ಕುಲದ ಹಕ್ಕಿಗೆ ತಾನು ತೊಡಿಸಿದ್ದು ಅದೊಂದೇ ಉಂಗುರ, ಎಂದು ಅವಳ ಉತ್ತರ ಬಂತು.

ಆಮೇಲೆ ಆಲ್ಡಿಗೆ ಫೋನ್ ಮಾಡಿದೆ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು, ಮಗಳಿಂದ ಆ ಸಾವಿನ ಸುದ್ದಿ ಬರುವ ದಿನ ಇನ್ನೂ ದೂರವಿತ್ತು. ಮೊದಲನೇ ಸದ್ದಿಗೇ ಎತ್ತಿದರು. ಬರೀ ಉಸಿರು ಕೇಳುತ್ತಿತ್ತು.

"ಆಂಟಿ."

ಉಸಿರೂ ನಿಂತಿತು.

"ಬೀಗರು ಬಂದಿದ್ದಾರೆ ಆಂಟಿ."

"ಹೆಸರ ಕೇಳಿದೇನು?"

"ಕೇಳಿದೆ. ಕಾಲೆತ್ತಿ ತೋರಿಸ್ತು."



"ಕುಡಿಯಾಕ ಏನ ಕೊಟ್ಟಿ?"

"ಬಿಳೀ ಸಕ್ಕರೆ."

"ಛಲೋ ಮಾಡಿದಿ." ಮೂಗು ಒರೆಸಿಕೊಂಡ ಸದ್ದಾಯಿತು. "ತಂಗಿ, ಫೋನ್ ಇಡತೀನವಾ. ಸ್ವಲ್ಪ ಅಡ್ಡಾಗ್ತೀನಿ."

ಇಡುವುದನ್ನು ಮರೆತರೆಂದು ಕಾಣುತ್ತದೆ. ಕುರ್ಚಿ ಸರಿದದ್ದು ಕೇಳಿಸಿತು, ಮೆಲ್ಲಗೆ ಹೆಜ್ಜೆ, ಮಂಚದ ಕಿರ್ ಎಂಬ ಸದ್ದು. ದೂರದಿಂದ ಮಗಳು ಗಾಬರಿಯಾಗಿ ಕೇಳಿದಳು: "ಅಮ್ಮಾ, ಆರ್ ಯೂ ಓಕೆ? ಯಾಕೆ ಮಲಗಿದ್ದಿ?"

"ಆರಾಮಿದ್ದೀನಿ" ಎಂದರು. "ನಿದ್ದಿ ಬಂದದ."